ಸೆಲ್ಮರನ ಎಡಗೆನ್ನೆ

ಸೆಲ್ಮರ್ ಸ್ಟೆನ್ಸ್‌ರುಡ್ ನಮ್ಮ ಕಡೆ ಹಾಲಿನ ಲಾರಿ ಓಡಿಸುತ್ತಿದ್ದ. ಬೆಳಕು ಹರಿಯುವ ಮೊದಲೇ ಎಲ್ಡಾಲ್ ಊರಿನಿಂದ ಹೊರಟು, ಕೆರೆಗಳನ್ನು ಬಳಸಿಕೊಂಡು ಹೋಗುವ ಜಲ್ಲಿರಸ್ತೆಗಳಲ್ಲೆಲ್ಲ ಸುತ್ತಿ, ಒಂದೊಂದು ಕೊಟ್ಟಿಗೆಯ ತೊಟ್ಟಿಯಿಂದಲೂ ಹಾಲು ತುಂಬಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಬೆಣ್ಣೆ ಕಾರ್ಖಾನೆಗೆ ಮುಟ್ಟಿಸುವುದು ಅವನ ಕೆಲಸ. ನನ್ನ ಗಂಡ ಲೋರೆನ್ ಮತ್ತು ನಾನು ಆಗ ಹಸು ಕಟ್ಟಿದ್ದೆವು. ಹಾಗಾಗಿ ದಿನ ಬಿಟ್ಟು ದಿನ ಸೆಲ್ಮರ್ ನಮ್ಮ ಅಡುಗೆಮನೆಯಲ್ಲಿ ಕುಳಿತು ಕಾಫಿ ಕುಡಿದು ಹೋಗುತ್ತಿದ್ದ.

ಹಾಲು ಎಳೆದುಕೊಳ್ಳುವ ಮೊದಲು ಅವನು ತೊಟ್ಟಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದ. ಹಸು ಕಾಡು ಈರುಳ್ಳಿ ಮೇಯ್ದಿದ್ದರೆ, ತೊಟ್ಟಿ ಸರಿಯಾಗಿ ತೊಳೆಯದಿದ್ದರೆ ಅವನಿಗೆ ತಿಳಿದುಬಿಡುತ್ತಿತ್ತು. ಆಗ ಮುಚ್ಚಳ ಮುಚ್ಚಿ, "ಇವತ್ತು ಬೇಡ" ಎನ್ನುತ್ತಿದ್ದ. ಅದರ ಮೇಲೆ ಮಾತಿಲ್ಲ. ಅಷ್ಟು ಹಾಲು ಚೆಲ್ಲಬೇಕಾಗಿ ಬಂದರೂ ಯಾರೂ ಅವನ ಜೊತೆ ವಾದಕ್ಕೆ ನಿಲ್ಲುತ್ತಿರಲಿಲ್ಲ. ಸೆಲ್ಮರನ ಮೂಗು ಬೇಡ ಎಂದರೆ ಬೇಡ.

ನಮ್ಮ ಜನವೇ ಮಾತಿನಲ್ಲಿ ಕೈಬಿಗಿ. ಅಜ್ಜಂದಿರು ನಾರ್ವೆಯಿಂದ ಹಡಗು ಹತ್ತಿ ಬಂದಾಗ ಹೊಗಳಿಕೆಯ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟು ಬಂದರೋ ಏನೋ. ಮಿನ್ನೆಸೋಟದ ಈ ಪಶ್ಚಿಮದ ಮೂಲೆಯಲ್ಲಿ "ಬಹಳ ಚೆನ್ನಾಗಿದೆ" ಎನ್ನುವವರು ಪಟ್ಟಣದಿಂದ ಬಂದ ವಿಮೆ ಏಜೆಂಟರು ಮಾತ್ರ. ಉಳಿದವರಿಗೆಲ್ಲ "ಪರವಾಗಿಲ್ಲ" ಸಾಕು. ಬೆಳೆ ಪರವಾಗಿಲ್ಲ, ಮಗು ಪರವಾಗಿಲ್ಲ, ಬೈಪಾಸ್ ಆಪರೇಷನ್ ಆಗಿ ಬದುಕಿ ಬಂದರೂ ಪರವಾಗಿಲ್ಲ. ಅಂಥವರ ನಡುವೆಯೂ ಸೆಲ್ಮರನ ಮೌನ ದೊಡ್ಡದು. ದಾರಿಯುದ್ದಕ್ಕೂ ಮನೆಮನೆಯಲ್ಲಿ ಕೇಕು, ಬನ್ನು, ಬಿಸ್ಕತ್ತು ಏನು ಕೊಟ್ಟರೂ ತಿಂದು, ತಟ್ಟೆಯಲ್ಲಿ ಚೂರೂ ಉಳಿಸದೆ ಟೋಪಿ ಹಾಕಿಕೊಂಡು ಎದ್ದುಬಿಡುತ್ತಿದ್ದ. ಇಷ್ಟವಾಯಿತೋ ಇಲ್ಲವೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವನ ಮದುವೆಯೂ ಹಾಗೇ ಆದದ್ದು. ಆರ್ಡಿಸ್‌ಳ ಅಪ್ಪನ ಕೊಟ್ಟಿಗೆಯೂ ಅವನ ದಾರಿಯಲ್ಲೇ ಇತ್ತು. ವರ್ಷವಿಡೀ ಅವಳು ಸುರಿದುಕೊಟ್ಟ ಕಾಫಿ ಕುಡಿದವನು ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ನಮ್ಮ ಮನೇಲಿ ಒಲೆ ದೊಡ್ಡದಿದೆ" ಎಂದನಂತೆ. ಆರ್ಡಿಸ್ ಸ್ವಲ್ಪ ಯೋಚಿಸಿ, "ಎಷ್ಟು ದೊಡ್ಡದು?" ಎಂದು ಕೇಳಿದಳಂತೆ. ಚಳಿಗಾಲ ಕಳೆಯುವುದರೊಳಗೆ ಮದುವೆ. ಇದನ್ನು ಹೇಳಿಕೊಂಡು ಆರ್ಡಿಸ್ ನಗುತ್ತಿದ್ದಳು. ನಾವು ಚರ್ಚಿನ ನೆಲಮಾಳಿಗೆಯಲ್ಲಿ ಕೌದಿ ಹೊಲಿಯಲು ಕೂರುತ್ತಿದ್ದಾಗ ಅವಳದು ನನ್ನ ಪಕ್ಕದ ಕುರ್ಚಿ.

ಆರ್ಡಿಸ್‌ಳ ಅಡುಗೆಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಮಾಡುತ್ತಿದ್ದುದೆಲ್ಲ ಬೆಳ್ಳಗೆ, ಮೆತ್ತಗೆ. ಆಲೂಗಡ್ಡೆ ಬೇಯಿಸಿ ಹಿಟ್ಟಿಗೆ ಕಲಸಿ ಕಾಗದದಷ್ಟು ತೆಳ್ಳಗೆ ಲಟ್ಟಿಸುವ ಲೆಫ್ಸೆ ರೊಟ್ಟಿ, ಕೆನೆ ಕಾಯಿಸಿ ಮಾಡುವ ಗಂಜಿ, ಬಾದಾಮಿ ಹಾಕಿದ ಕೆನೆಕೇಕು. ಬಾಯಲ್ಲಿಟ್ಟರೆ ಕರಗುವಂಥವು. ಇಡೀ ಚರ್ಚಿನಲ್ಲಿ ಅವಳಷ್ಟು ತೆಳ್ಳಗೆ ರೊಟ್ಟಿ ಲಟ್ಟಿಸುವವರಿರಲಿಲ್ಲ.

ಅವರಿಬ್ಬರೂ ಐವತ್ತರ ಆಚೀಚೆ ಇದ್ದಾಗ, ಒಂದು ಶರತ್ಕಾಲದಲ್ಲಿ, ಸೆಲ್ಮರನ ಕೂದಲು ಕತ್ತರಿಸುತ್ತಿದ್ದ ಆರ್ಡಿಸ್‌ಳ ಬೆರಳಿಗೆ ಅವನ ಎಡಗಿವಿಯ ಕೆಳಗೆ ಗೋಲಿಯಂಥ ಗಂಟು ಸಿಕ್ಕಿತು. ಎಷ್ಟು ದಿನದಿಂದ ಇದೆ ಎಂದರೆ ಗೊತ್ತಿಲ್ಲ ಎಂದ. ನೋವಿದೆಯಾ ಎಂದರೆ ಇಲ್ಲ ಎಂದ. ಅವಳೇ ಹಟ ಹಿಡಿದು ಫಾರ್ಗೊ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಸರ್ಜನ್ ಡಾಕ್ಟರ್ ಹಾಲೊರನ್ ಎಂಬವರು ಮುಟ್ಟಿ ನೋಡಿ, ಕಿವಿಯ ಮುಂದೆ ಜೊಲ್ಲು ಸುರಿಸುವ ಗ್ರಂಥಿಯೊಂದಿದೆ, ಅದರಲ್ಲಿ ಗಡ್ಡೆ ಬೆಳೆದಿದೆ, ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಬೆಳೆಯುತ್ತದೆ, ತೆಗೆಯುವುದೇ ವಾಸಿ ಎಂದರು. ಮುಖವನ್ನು ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುವುದರಿಂದ ಅದಕ್ಕೆ ಏಟಾಗದ ಹಾಗೆ ನಿಧಾನವಾಗಿ ಬಿಡಿಸಬೇಕಂತೆ. ಬಿಡಿಸಿದರು. ಗಡ್ಡೆಯ ಜೊತೆ ಗ್ರಂಥಿಯ ಹೆಚ್ಚಿನ ಭಾಗವೂ ಹೋಯಿತು. ಸೆಲ್ಮರನ ಬಾಯಿ ಸೊಟ್ಟಗಾಗಲಿಲ್ಲ, ಕಣ್ಣು ಮುಚ್ಚುವುದು ಕೆಡಲಿಲ್ಲ, ಕಿವಿಯ ಹಾಲೆ ಮಾತ್ರ ಮರಗಟ್ಟಿತು. ಚಳಿಗೆ ಅದೇ ಒಳ್ಳೆಯದು ಎಂದು ಅವನು ಲೋರೆನ್ನಿಗೆ ಹೇಳಿದನಂತೆ. ಕ್ರಿಸ್‌ಮಸ್ ಹೊತ್ತಿಗೆ ಮತ್ತೆ ಲಾರಿ ಹತ್ತಿದ.

ಮೇ ಕೊನೆಯವರೆಗೂ ಎಲ್ಲ ಸರಿಯಾಗಿತ್ತು. ಆಗ ರೂಬಾರ್ಬ್ ಚಿಗುರಿತು. ಕೆಂಪಗೆ, ಕೈಬೆರಳ ದಪ್ಪದ ದಂಟು. ಹಸಿಯದಾಗಿ ಕಚ್ಚಿದರೆ ಹಲ್ಲು ಚಳಿಯುವಷ್ಟು ಹುಳಿ. ಅದನ್ನು ಹೆಚ್ಚಿ ಕೇಕಿಗೆ ಹಾಕುವುದರಲ್ಲಿ ಬೋರ್ಗಿಲ್ಡ್ ಟ್ವೇಟ್ ಹೆಸರಾದವಳು. ಕೆರೆಯಾಚೆಯ ದೊಡ್ಡ ಕೊಟ್ಟಿಗೆಯ ಯಜಮಾನಿ, ಗಟ್ಟಿ ಗಂಟಲು, ಒಳ್ಳೆಯ ಮನಸ್ಸು. ಆ ವರ್ಷದ ಮೊದಲ ರೂಬಾರ್ಬ್ ಕೇಕನ್ನು ಸೆಲ್ಮರನ ಮುಂದಿಟ್ಟಳು. ಅವನು ಎರಡು ತುತ್ತು ತಿನ್ನುವುದರೊಳಗೆ ಎಡಗೆನ್ನೆ ಕೆಂಪಾಯಿತು. ಆಮೇಲೆ ಕಿವಿಯ ಮುಂದೆ ಸಣ್ಣ ಸಣ್ಣ ಹನಿ ಮೂಡಿದವು. ಹನಿ ಸೇರಿ ಧಾರೆಯಾಗಿ ದವಡೆಯ ಮೇಲಿಂದ ಅಂಗಿಯ ಕಾಲರಿಗೆ ಇಳಿಯಿತು. ಬಲಗೆನ್ನೆ ಒಣಗಿಯೇ ಇತ್ತು.

"ಸೆಲ್ಮರ್, ನಿನ್ನ ಕೆನ್ನೆ ಬೆವರ್ತಾ ಇದೆ" ಎಂದಳು ಬೋರ್ಗಿಲ್ಡ್.

"ಸೆಖೆ" ಎಂದ ಅವನು. ಹೊರಗೆ ಅವತ್ತು ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು.

ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲವೂ. ಕೇಕು ಬಾಯಿಗೆ ಹೋದರೆ ಬೆವರು. ಬರಿಯ ಕಾಫಿ ಕುಡಿದರೆ ಏನೂ ಇಲ್ಲ. ಬೋರ್ಗಿಲ್ಡ್ ಇದನ್ನು ಒಂದಕ್ಕೊಂದು ಸೇರಿಸಿ ನೋಡಿ ತನಗೆ ಹಿತವಾದ ತೀರ್ಮಾನಕ್ಕೆ ಬಂದಳು. ಕೌದಿ ಹೊಲಿಯುವ ದಿನ ಎಲ್ಲರ ಎದುರೂ ಹೇಳಿದಳು. ಇಷ್ಟು ವರ್ಷ ಬಾಯಿಬಿಟ್ಟು ಒಂದು ಮಾತು ಹೇಳದ ಮನುಷ್ಯನ ಕೆನ್ನೆ ಈಗ ತಾನಾಗಿ ಹೇಳುತ್ತಿದೆ, ತನ್ನ ಕೇಕು ಅಷ್ಟು ಇಷ್ಟವಾಗಿದೆ ಎಂದು. ಆರ್ಡಿಸ್ ಅವತ್ತು ಬಂದಿರಲಿಲ್ಲ. ಹಾಲಿನ ವಿಷಯದಲ್ಲಿ ಅವನ ಮೂಗನ್ನು ನಂಬಿದ್ದ ನಾವು ಕೇಕಿನ ವಿಷಯದಲ್ಲಿ ಅವನ ಕೆನ್ನೆಯನ್ನು ನಂಬಿಬಿಟ್ಟೆವು.

ನಮ್ಮ ದಾರಿಯ ಮನೆಗಳಲ್ಲಿ ಆ ಬೇಸಿಗೆ ನಡೆದ ಪೈಪೋಟಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಯಾರೂ ಬಾಯಿಬಿಟ್ಟು ಪೈಪೋಟಿ ಎನ್ನಲಿಲ್ಲ. ಆದರೆ ಒಂದು ಮನೆಯಲ್ಲಿ ನಿಂಬೆಯ ಬರ್ಫಿ ಬಂತು, ಇನ್ನೊಂದರಲ್ಲಿ ಹುಳಿ ಚೆರ್ರಿಯ ಕಡುಬು. ನನ್ನ ದಾಲ್ಚಿನ್ನಿ ಕೇಕಿಗೆ ಅವನ ಕೆನ್ನೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಒದ್ದೆಯಾಯಿತು. ಲೋರೆನ್ ಬಗ್ಗಿ ನೋಡಿ, ನನ್ನ ಕಿವಿಯಲ್ಲಿ, "ನಿಂಗೆ ಪಾಸ್ ಮಾರ್ಕು ಬಂತು, ಥೆಲ್ಮಾ" ಎಂದ. ಸೆಲ್ಮರ್ ಪಾಪ ಕೆಂಪು ಕರವಸ್ತ್ರ ತೆಗೆದು ಒರೆಸಿಕೊಂಡ. ಬೆವರಿಗೆಲ್ಲ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ ಎನ್ನುವ ಪೈಕಿ ಅವನು. ಹಾಲಿನ ಲಾರಿಯವನಿಗೆ ಬೇಸಿಗೆಯಲ್ಲಿ ಕೇಕು ಜಾಸ್ತಿ ಸಿಗುತ್ತದೆ ಎಂದಷ್ಟೇ ಅಂದುಕೊಂಡಿದ್ದ.

ಜುಲೈ ತಿಂಗಳ ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹುಲ್ಲಿನ ಮೇಲೆ ಎಲ್ಲರ ಊಟ ಇತ್ತು. ಸೆಲ್ಮರ್ ಬೋರ್ಗಿಲ್ಡ್‌ಳ ಕೇಕು ತಿಂದ, ಚೆರ್ರಿ ಕಡುಬು ತಿಂದ, ವಿನಿಗರ್‌ನಲ್ಲಿ ನೆನೆಸಿದ ಬೀಟ್‌ರೂಟ್ ತಿಂದ. ಎಡಗಡೆಯ ಕಾಲರು ಹಿಂಡುವ ಹಾಗಾಯಿತು. ಆಮೇಲೆ ಆರ್ಡಿಸ್ ತಾನೇ ಒಂದು ತುಂಡು ಕೆನೆಕೇಕು ಹಾಕಿಕೊಟ್ಟಳು. ಸೆಲ್ಮರ್ ಕೆನ್ನೆ ಒರೆಸಿಕೊಂಡು ಅದನ್ನು ನಿಧಾನವಾಗಿ, ಕೊನೆಯ ಚೂರಿನವರೆಗೂ ತಿಂದ. ಕೆನ್ನೆಯ ಮೇಲೆ ಒಂದು ಹನಿಯೂ ಮೂಡಲಿಲ್ಲ.

ಮೇಜಿನ ಸುತ್ತ ಎಲ್ಲರೂ ಅದನ್ನು ನೋಡಿದರು. ಯಾರೋ ಆ ಕಡೆಯಿಂದ ತಗ್ಗಿದ ದನಿಯಲ್ಲಿ, "ಕೆನ್ನೆ ಸುಳ್ಳು ಹೇಳಲ್ಲ" ಎಂದರು. ತಗ್ಗಿದ ದನಿಯೇ ಆದರೂ ಆರ್ಡಿಸ್‌ಗೆ ಕೇಳಿಸಿತು. ಏನು ವಿಷಯ ಎಂದು ಅವಳು ಬೋರ್ಗಿಲ್ಡ್‌ಳನ್ನು ಕೇಳಿದಳು. ಬೋರ್ಗಿಲ್ಡ್ ಕೆಟ್ಟ ಉದ್ದೇಶವೇನೂ ಇಲ್ಲದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಆರ್ಡಿಸ್ ತಲೆಯಾಡಿಸಿ, ಈ ಸಲ ಮೆಕ್ಕೆಜೋಳ ಎತ್ತರವಾಗಿ ಬಂದಿದೆ ಎಂದು ಮಾತು ಬದಲಿಸಿದಳು. ಉಳಿದ ಕೆನೆಕೇಕನ್ನು ಬಟ್ಟೆ ಮುಚ್ಚಿ ಕಾರಿನಲ್ಲಿಟ್ಟಳು.

ನಮ್ಮಲ್ಲಿ ಜಗಳ ಎಂದರೆ ಕೂಗಾಟವಲ್ಲ. ಆರ್ಡಿಸ್ ಲಟ್ಟಣಿಗೆಯನ್ನು ತೊಳೆದು ಒರೆಸಿ ಮೇಲಿನ ಕಪಾಟಿನಲ್ಲಿಟ್ಟಳು, ಅಷ್ಟೆ. ಮರುದಿನದಿಂದ ಸೆಲ್ಮರನ ಊಟದ ಡಬ್ಬಿಯಲ್ಲಿ ಅಂಗಡಿಯ ಬ್ರೆಡ್ಡು, ಅಂಗಡಿಯ ಬಿಸ್ಕತ್ತು. ಅವನೂ ಕೇಳಲಿಲ್ಲ, ತಿಂದ. ಮರುದಿನವೂ ತಿಂದ. ಅವನು ಸುಮ್ಮನೆ ತಿಂದಷ್ಟೂ ಅವಳ ಅನುಮಾನ ಗಟ್ಟಿಯಾಯಿತು. ಕೌದಿಗೆ ಬಂದಾಗಲೂ ಸೂಜಿಯಿಂದ ಕಣ್ಣೆತ್ತುತ್ತಿರಲಿಲ್ಲ. ನಾನು ಒಮ್ಮೆ ಕೆದಕಿದೆ. "ನಾನೇನು ಅವನಿಗೆ ಇಷ್ಟವಾಗಲಿ ಅಂತ ಮಾಡ್ತಿರಲಿಲ್ಲ ಬಿಡು, ಹೊಟ್ಟೆ ತುಂಬಲಿ ಅಂತ ಮಾಡ್ತಿದ್ದೆ" ಎಂದಳು. ದಾರವನ್ನು ಅಷ್ಟು ಬಿಗಿಯಾಗಿ ಎಳೆದಳು, ತುಂಡಾಯಿತು.

ಹೀಗೇ ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಸೆಲ್ಮರ್ ನಮ್ಮ ಅಡುಗೆಮನೆಯಲ್ಲಿ ಕಾಫಿ ಮುಗಿಸಿದವನು ಏಳಲಿಲ್ಲ. ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತ ಕೂತ.

"ಥೆಲ್ಮಾ, ಆರ್ಡಿಸ್‌ಗೆ ಮೈ ಹುಷಾರಿಲ್ವಾ?" ಎಂದ. "ರೊಟ್ಟಿ ಮಾಡ್ತಾನೇ ಇಲ್ಲ. ಅಂಗಡಿ ಬಿಸ್ಕತ್ತು ಕೊಡ್ತಾಳೆ."

ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು. ನಾನು ಕುರ್ಚಿ ಎಳೆದುಕೊಂಡು ಎದುರು ಕೂತು, ಕೆನ್ನೆಯ ಕಥೆಯನ್ನೆಲ್ಲ ಹೇಳಿದೆ. ಅವನಿಗೆ ಇದೊಂದೂ ಗೊತ್ತಿರಲಿಲ್ಲ. ಊರೆಲ್ಲ ತನ್ನ ಕೆನ್ನೆ ನೋಡಿಕೊಂಡು ಕೂತಿದೆ ಎಂದು ಕೇಳಿ ಅವನ ಎರಡು ಕೆನ್ನೆಗಳೂ ಕೆಂಪಾದವು.

"ಬೋರ್ಗಿಲ್ಡ್ ಕೇಕು ನಂಗೆ ಅಷ್ಟು ಸೇರಲ್ಲ" ಎಂದ ಮೆಲ್ಲಗೆ. "ಹಲ್ಲು ಜುಂ ಅನ್ನತ್ತೆ."

"ಅದನ್ನ ಆರ್ಡಿಸ್‌ಗೆ ಹೇಳು" ಎಂದೆ.

"ನಾನು ಹೇಳಿದ್ರೆ ನಂಬ್ತಾಳಾ? ಕೆನ್ನೆ ಬೇರೆ ಹೇಳ್ತಿದೆಯಲ್ಲ."

ಅದೂ ನಿಜವೇ. ಕೆನ್ನೆಗೆ ಕತ್ತರಿ ಹಾಕಿದವರನ್ನೇ ಹೋಗಿ ಕೇಳು, ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗು ಎಂದೆ. ಅವನು ಟೋಪಿ ಹಾಕಿಕೊಂಡು ಹೊರಟ.

ಫಾರ್ಗೊದಲ್ಲಿ ನಡೆದದ್ದನ್ನು ಆಮೇಲೆ ಆರ್ಡಿಸ್ ನನಗೆ ಒಂದೂ ಬಿಡದೆ ಹೇಳಿದಳು. ಡಾಕ್ಟರ್ ಹಾಲೊರನ್ ಕಥೆ ಕೇಳಿ ಬಹಳ ಖುಷಿಪಟ್ಟರಂತೆ. ಸೆಲ್ಮರನ ಎಡಗೆನ್ನೆಗೆಲ್ಲ ಕಂದು ಬಣ್ಣದ ಅಯೋಡಿನ್ ಬಳಿದು, ಒಣಗಿದ ಮೇಲೆ ಮೆಕ್ಕೆಜೋಳದ ಬಿಳಿ ಹಿಟ್ಟು ಉದುರಿಸಿದರು. ಬೆವರು ತಾಗಿದ ಕಡೆ ಹಿಟ್ಟು ನೀಲಿಯಾಗುತ್ತದೆ, ನೋಡುತ್ತಿರಿ ಎಂದರು. ನಿಂಬೆಹಣ್ಣಿನ ಹೋಳು ಚೀಪಲು ಕೊಟ್ಟರು. ನೋಡುನೋಡುತ್ತಿದ್ದಂತೆ ಕಿವಿಯ ಮುಂದೆ ಚುಕ್ಕೆ ಚುಕ್ಕೆಯಾಗಿ ಕಡುನೀಲಿ ಮೂಡಿ, ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಅಂಗೈಯಗಲ ಹರಡಿತು. ಆರ್ಡಿಸ್ ಕುರ್ಚಿ ಬಿಟ್ಟೆದ್ದು ಹತ್ತಿರ ಬಂದು ನೋಡಿದಳು.

ಆಗ ಡಾಕ್ಟರು ಚಿತ್ರ ಬರೆದು ತಿಳಿಸಿದರು. ಜೊಲ್ಲು ಬರಲಿ ಎಂದು ಅಪ್ಪಣೆ ಹೊತ್ತು ತರುವ ನರದ ಎಳೆಯೊಂದಿದೆ. ಅದು ಮಿದುಳಿನ ಬುಡದಲ್ಲಿ ಗಂಟಲಿನ ನರದ ಜೊತೆ ಹೊರಟು, ಕಿವಿಯ ಒಳಗೆ ಹಾದು, ತಲೆಬುರುಡೆಯ ಕೆಳಗಿನ ಸಣ್ಣ ಗಂಟೊಂದರಲ್ಲಿ ಸುದ್ದಿಯನ್ನು ಇನ್ನೊಂದು ಎಳೆಗೆ ದಾಟಿಸುತ್ತದೆ. ಆ ಎಳೆ ಕಿವಿಯ ಮುಂದೆ ಹೋಗುವ ಬೇರೊಂದು ನರಕ್ಕೆ ಜೋತುಬಿದ್ದು ಗ್ರಂಥಿ ಸೇರುತ್ತದೆ. ನಾಲಿಗೆ ಮತ್ತು ದವಡೆಯ ಕೆಳಗಿನ ಗ್ರಂಥಿಗಳಿಗೆ ಬೇರೆಯದೇ ದಾರಿ. ಅವು ಚೆನ್ನಾಗಿರುವುದರಿಂದಲೇ ಸೆಲ್ಮರನ ಬಾಯಿ ಒಣಗಿಲ್ಲ. ಗಡ್ಡೆ ತೆಗೆದಾಗ ಈ ಕಡೆಯ ಎಳೆಗಳು ತುಂಡಾದವು. ತುಂಡಾದವು ಮತ್ತೆ ಬೆಳೆದವು.

"ಈಗ ನೀವು ದಿನಾ ಹೋಗೋ ಕೊಟ್ಟಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಇಲ್ಲ ಅಂದ್ಕೊಳ್ಳಿ" ಎಂದರು ಡಾಕ್ಟರು. "ಏನ್ ಮಾಡ್ತೀರಿ?"

"ಲಾರಿ ತಿರುಗಿಸ್ಕೊಂಡು ಮನೆಗೆ ಹೋಗ್ತೀನಿ" ಎಂದ ಸೆಲ್ಮರ್.

"ನರಕ್ಕೆ ಅದು ಗೊತ್ತಾಗಲ್ಲ. ಅದು ಪಕ್ಕದ ಮನೆ ಬಾಗಿಲು ತಟ್ಟುತ್ತೆ. ನಿಮ್ಮ ಚರ್ಮದಲ್ಲಿರೋ ಬೆವರಿನ ಗ್ರಂಥಿಗೆ ಹೋಗಿ ಅಂಟ್ಕೊಂಡಿದೆ. ಎರಡು ಗ್ರಂಥಿಗೂ ಒಂದೇ ಥರದ ಅಪ್ಪಣೆ ಅರ್ಥವಾಗೋದು. ಜೊಲ್ಲು ಬರಬೇಕಾದಾಗೆಲ್ಲ ಬೆವರು ಬರತ್ತೆ."

ಆರ್ಡಿಸ್ ಕೈಚೀಲ ತೆರೆದಳು. ದೂರದ ಪ್ರಯಾಣಕ್ಕೆ ಏನಾದರೂ ಇರಲಿ ಎಂದು ಅವತ್ತು ಬೆಳಿಗ್ಗೆ ಬಹಳ ದಿನದ ಮೇಲೆ ಲೆಫ್ಸೆ ಮಾಡಿ, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ತಂದಿದ್ದಳು. ಅದನ್ನು ಸೆಲ್ಮರನ ಕೈಗಿಟ್ಟಳು. ಡಾಕ್ಟರು ಕೆನ್ನೆ ತೊಳೆಸಿ ಮತ್ತೆ ಬಣ್ಣ ಬಳಿದು ಹಿಟ್ಟು ಉದುರಿಸಿದರು. ಸೆಲ್ಮರ್ ಇಡೀ ಸುರುಳಿ ತಿಂದು ಮುಗಿಸಿದ. ಒಂದೆರಡು ಚುಕ್ಕೆ ಮಾತ್ರ ಮೂಡಿದವು.

"ಹಾಗಾದ್ರೆ ಇದು ರುಚಿ ಅಳೆಯೋದಲ್ವಾ?" ಎಂದು ಆರ್ಡಿಸ್ ಕೇಳಿದಳು.

"ಹುಳಿ ಅಳೆಯತ್ತಮ್ಮಾ. ಇಷ್ಟ ಅಳೆಯಲ್ಲ."

ಬೇಕಿದ್ದರೆ ಕೆನ್ನೆಗೆ ಮುಲಾಮು ಹಚ್ಚಬಹುದು, ಇಲ್ಲವೇ ಕಿವಿಯ ಒಳಗೆ ಆ ಎಳೆ ಹಾದುಹೋಗುವಲ್ಲಿ ಅದನ್ನು ಕತ್ತರಿಸಿಬಿಡಬಹುದು ಎಂದು ಡಾಕ್ಟರು ಹೇಳಿದರು. ಬಿಟ್ಟರೆ ತೊಂದರೆಯೇನಾದರೂ ಇದೆಯೇ ಎಂದು ಸೆಲ್ಮರ್ ಕೇಳಿದ. ಕರವಸ್ತ್ರ ಒಗೆಯುವ ತೊಂದರೆ ಬಿಟ್ಟರೆ ಬೇರೇನೂ ಇಲ್ಲ ಎಂದರು. ಹಾಗಾದರೆ ಇರಲಿ ಎಂದು ಅವನು ಎದ್ದ.

ವಾಪಸು ಹೊರಟರು. ಎರಡೂ ಬದಿಗೆ ಸೂರ್ಯಕಾಂತಿ ಹೊಲ. ಸೆಲ್ಮರ್ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಟೈರು ಪಂಕ್ಚರ್ ಆಗಿದೆ ಎಂದು ಆರ್ಡಿಸ್ ಅಂದುಕೊಂಡಳಂತೆ. ಅವನು ಸ್ಟೀರಿಂಗ್ ಹಿಡಿದುಕೊಂಡೇ, ಮುಂದಿನ ಗಾಜು ನೋಡಿಕೊಂಡೇ ಹೇಳಿದ.

"ನಿನ್ನ ಕೈ ಅಡುಗೆ ನಂಗೆ ಇಷ್ಟ. ಮೊದಲಿಂದಲೂ."

"ಈಗ ಹೇಳ್ತಿದ್ದೀಯಲ್ಲ."

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ಹೇಗೆ ಗೊತ್ತಾಗ್ಬೇಕು, ಸೆಲ್ಮರ್?"

ಅವನು ಯೋಚಿಸಿದ. "ದಿನಾ ಮನೆಗೆ ಬರ್ತಿದ್ನಲ್ಲ" ಎಂದ. ಮತ್ತೆ ಕಾರು ಹೊರಡಿಸುತ್ತ, "ಬೇರೆಯವರ ಮನೇಲಿ ಮರ್ಯಾದೆಗೆ ತಿಂತೀನಿ. ಮನೇಲಿ ತಿನ್ಬೇಕು ಅಂತ ತಿಂತೀನಿ" ಎಂದು ಸೇರಿಸಿದ.

ಆರ್ಡಿಸ್ ಕಿಟಕಿಯ ಕಡೆ ತಿರುಗಿ ಕೂತಳು. ಅಳ್ತಿದ್ದೆಯಾ ಎಂದು ನಾನು ಕೇಳಿದಾಗ, ಸೂರ್ಯಕಾಂತಿ ನೋಡ್ತಿದ್ದೆ ಎಂದಳು. ಆದರೆ ಮನೆಗೆ ಬಂದವಳು ಮೊದಲು ಮಾಡಿದ ಕೆಲಸ, ಸ್ಟೂಲು ಹಾಕಿಕೊಂಡು ಮೇಲಿನ ಕಪಾಟಿನ ಬಾಗಿಲು ತೆರೆದದ್ದು. ಲಟ್ಟಣಿಗೆ ಇನ್ನು ಅಲ್ಲಿಗೆ ಹೋಗುವ ಹಾಗಿಲ್ಲ ಎಂದು ಆ ಜಾಗದಲ್ಲಿ ಖಾಲಿ ಸೀಸೆಗಳನ್ನು ಜೋಡಿಸಿದಳು.

ಹುಳಿಯ ವಿಷಯ ಬೋರ್ಗಿಲ್ಡ್‌ಗೆ ಹೇಳಬಾರದು ಎಂದು ಆರ್ಡಿಸ್ ನನ್ನಿಂದ ಮಾತು ತೆಗೆದುಕೊಂಡಳು. ಪಾಪ, ಅವಳಿಗೆ ಅಷ್ಟು ಸಂತೋಷವಾಗಿದೆ, ಇರಲಿ ಬಿಡು ಎಂದಳು. ನಾನು ಹೇಳಲಿಲ್ಲ. ಸೆಲ್ಮರನೇ ಕೆಡಿಸಿದ. ಮಾತಾಡಿದರೆ ಆಕಾಶವೇನೂ ಬೀಳುವುದಿಲ್ಲ ಎಂದು ಅವನಿಗೆ ಆಗಷ್ಟೇ ತಿಳಿದಿತ್ತಲ್ಲ. ಮುಂದಿನ ವಸಂತದಲ್ಲಿ ಬೋರ್ಗಿಲ್ಡ್ ಮೊದಲ ಕೇಕು ಇಟ್ಟಾಗ, ಕೆನ್ನೆಯಿಂದ ಬೆವರು ಇಳಿಯುತ್ತಿರುವಾಗಲೇ, "ಸಕ್ಕರೆ ಇನ್ನೊಂಚೂರು ಹಾಕಬಹುದು" ಎಂದ. ಬೋರ್ಗಿಲ್ಡ್ ಕೆಲವು ದಿನ ಅವನಿಗೆ ಬರೀ ಕಾಫಿ ಕೊಟ್ಟಳು. ಆಮೇಲೆ ಒಂದು ಹಿಡಿ ಸಕ್ಕರೆ ಜಾಸ್ತಿ ಹಾಕಿ ಮಾಡಿದಳು. ಆ ಕೇಕು ಮೊದಲಿನದಕ್ಕಿಂತ ಎಷ್ಟೋ ವಾಸಿ ಎಂದು ಎಲ್ಲರಿಗೂ ಅನಿಸಿತು. ಯಾರೂ ಹೇಳಲಿಲ್ಲ, ಎರಡನೆಯ ತುಂಡು ಕೇಳಿದರು.

ಮುಂದೆ ಒಬ್ಬೊಬ್ಬರಾಗಿ ಎಲ್ಲರೂ ಹಸು ಮಾರಿದೆವು. ಕೊಟ್ಟಿಗೆಗಳಲ್ಲಿ ಟ್ರ್ಯಾಕ್ಟರ್ ನಿಂತವು. ಸೆಲ್ಮರ್ ಲಾರಿಯ ಬೀಗದ ಕೈ ಒಪ್ಪಿಸಿ ಮನೆಯಲ್ಲಿ ಕೂತ. ಕೂತು ಅಭ್ಯಾಸವಿಲ್ಲದ ಮನುಷ್ಯ. ಮೊದಲ ಚಳಿಗಾಲದಲ್ಲೇ ಆರ್ಡಿಸ್‌ಳ ಹಿಂದೆ ಮುಂದೆ ಸುತ್ತಿ ಅವಳಿಗೆ ಸಾಕುಸಾಕಾಯಿತು. ಅವನಿಗೆ ಏಪ್ರನ್ ಕಟ್ಟಿ ರೊಟ್ಟಿ ಲಟ್ಟಿಸುವ ಕೆಲಸಕ್ಕೆ ಹಚ್ಚಿದಳು. ಮೊದಮೊದಲು ಹರಿದವು, ಆಮೇಲೆ ಹೆಂಚಿಗೆ ಅಂಟಿದವು. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹಿಟ್ಟು ಕಮ್ಮಿ, ಕೈ ಹಗುರ, ಅದು ಜಲ್ಲಿರಸ್ತೆಯಲ್ಲ ಎಂದು ಹೇಳುತ್ತ ಕೂತಿರುತ್ತಿದ್ದಳು. ಅವನು ಸಿಡುಕದೆ ಲಟ್ಟಿಸುತ್ತಿದ್ದ. ಹರಿಯದೆ ಬಂದ ಮೊದಲ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸೆಲ್ಮರ್ ತಾನೇ ನಡೆದು ಬಂದು ನಮಗೆ ಕೊಟ್ಟು ಹೋದ. ಬೂಟಿನ ಅಟ್ಟೆಯಷ್ಟು ದಪ್ಪ ಇದ್ದವು. ಲೋರೆನ್ ಮತ್ತು ನಾನು ಬೆಣ್ಣೆ ಜಾಸ್ತಿ ಹಚ್ಚಿಕೊಂಡು ಅಷ್ಟನ್ನೂ ತಿಂದೆವು.